ಕೂತ್ಕೋ ಅನ್ನುವವರೆಗೆ

ಗೇಟು ದಾಟಿದ್ದೇ ತಡ, ಅವಳ ಕಾಲುಗಳು ತಮ್ಮಷ್ಟಕ್ಕೆ ತಾವೇ ಎಡಕ್ಕೆ ಸರಿದವು. ನಾಲ್ಕು ಜನ ಕೈಕೈ ಹಿಡಿದು ನಡೆಯಬಹುದಾದಷ್ಟು ಅಗಲದ ಹಾದಿ, ಎದುರಿಂದ ಒಂದು ನರಪಿಳ್ಳೆಯೂ ಬರುತ್ತಿರಲಿಲ್ಲ. ಆದರೂ ಗೋಡೆಗೆ ಭುಜ ತಾಗುವ ಹಾಗೆ ಎಡಬದಿಯಲ್ಲೇ ಹೆಜ್ಜೆ ಹಾಕುತ್ತಿದ್ದೇನೆ ಅನ್ನುವುದು ಅವಳಿಗೆ ಗೊತ್ತಾಗಿದ್ದು ತಂಗಿ ಕೂಗಿದ ಮೇಲೆ. "ಅಕ್ಕಾ, ಯಾಕೆ ಗೋಡೆ ಉಜ್ಕೊಂಡು ಹೋಗ್ತಿದೀಯಾ? ನೋಡು, ತೋಳೆಲ್ಲಾ ಸುಣ್ಣ!" ಅಪ್ಪ ತಿರುಗಿ ನೋಡಿ ನಕ್ಕರು. "ಅದು ಶಿಸ್ತು ಕಣೇ ಚಿನಕುರುಳಿ. ನೋಡಿ ಕಲಿ." ಚಿನಕುರುಳಿ ಅಂದರೆ ತಂಗಿ, ಹತ್ತು ವರ್ಷ, ಬಾಯಿ ಮುಚ್ಚಿದ್ದು ನಿದ್ದೆಯಲ್ಲಿ ಮಾತ್ರ, ಅದೂ ಅಮ್ಮನ ಪ್ರಕಾರ ಅನುಮಾನ. ಅವಳು ಹಾದಿಯ ಈ ಅಂಚಿನಿಂದ ಆ ಅಂಚಿಗೆ ಅಡ್ಡಾದಿಡ್ಡಿ ಓಡುತ್ತ, ಕಿಟಕಿ ಸಿಕ್ಕಲ್ಲೆಲ್ಲ ಹಣೆ ಒತ್ತಿ ಒಳಗೆ ಇಣುಕುತ್ತ, "ಇದೇನು? ಇದು ಊಟದ ಮನೆನಾ? ಇಷ್ಟೊಂದು ಲೋಟ!" ಎಂದು ಪ್ರತಿಯೊಂದಕ್ಕೂ ವರದಿ ಒಪ್ಪಿಸುತ್ತಿದ್ದಳು. ಆ ಗಾಜಿನ ಮೇಲೆ ಹಣೆಯ ಗುರುತು ಉಳಿಯುತ್ತಿತ್ತು. ಅದನ್ನು ಒರೆಸಬೇಕು, ಯಾರಾದರೂ ನೋಡುವ ಮೊದಲು ಒರೆಸಬೇಕು ಅಂತ ಅಕ್ಕನ ಕೈ ಸ್ವೆಟರಿನ ತೋಳನ್ನು ಎಳೆದುಕೊಂಡೇಬಿಟ್ಟಿತ್ತು. ತಡೆದಳು. ನಾನೀಗ ಈ ಶಾಲೆಯವಳಲ್ಲ, ಅತಿಥಿ. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ ನೋಡು: 'ಪೋಷಕರ ಸಭೆ. ನಮ್ಮ ಹಳೆಯ ವಿದ್ಯಾರ್ಥಿನಿಯಿಂದ ಅನುಭವದ ಮಾತು: ವಸತಿಶಾಲೆಯಿಂದ ಕಾಲೇಜಿಗೆ.'

ಅಪ್ಪ ಆ ಬೋರ್ಡಿನ ಮುಂದೆ ನಿಂತು ಎರಡು ಸಲ ಓದಿದರು. ಮೂರನೆಯ ಸಲ ಫೋನಿನಲ್ಲಿ ಫೋಟೋ ತೆಗೆದರು. ನಾಳೆ ಬೆಳಿಗ್ಗೆ ಅದು ಶೂ ಅಂಗಡಿಗೆ ಹೋಗುತ್ತದೆ. ಅಪ್ಪ ಅಲ್ಲಿ ಸೇಲ್ಸ್‌ಮನ್. ಬಂದವರನ್ನು ಕೂರಿಸಿ, ಎದುರಿಗೆ ಮೊಣಕಾಲೂರಿ, ಅವರ ಹಿಮ್ಮಡಿಯನ್ನು ತಮ್ಮ ಅಂಗೈಯಲ್ಲಿಟ್ಟುಕೊಂಡು, ಹಾಗೆಯೇ ಮಾತು ಶುರು ಮಾಡುತ್ತಾರೆ. "ನಮ್ಮ ದೊಡ್ಡ ಮಗಳದ್ದೂ ಇದೇ ಸೈಜು ಮೇಡಂ, ಕಾಲೇಜಲ್ಲಿ ಓದ್ತಿದಾಳೆ. ಬೋರ್ಡಿಂಗಲ್ಲಿ ಬೆಳೆದವಳು, ನಾವು ಒಂದಿನ ಓದ್ಕೋ ಅಂತ ಹೇಳಿದ್ದಿಲ್ಲ." ಕಾಲು ಹಿಡಿದುಕೊಂಡು ಕೂತವರ ಮಾತನ್ನು ಜನ ಎದ್ದು ಹೋಗದೆ ಕೇಳುತ್ತಾರೆ, ಬೇರೆ ದಾರಿಯಿಲ್ಲ. ರಜೆಯಲ್ಲಿ ಒಮ್ಮೆ ಅಂಗಡಿಗೆ ಹೋದಾಗ ಅವಳು ಇದನ್ನು ಬಾಗಿಲ ಬಳಿ ನಿಂತು ಕೇಳಿಸಿಕೊಂಡಿದ್ದಳು, ಒಳಗೆ ಕಾಲಿಡದೆ ಹಾಗೇ ವಾಪಸು ಬಂದಿದ್ದಳು. ಯಾಕೆಂದರೆ ಅಷ್ಟರಲ್ಲಾಗಲೇ ಅವಳನ್ನು ಪರೀಕ್ಷೆಗೆ ಕೂರಿಸದೆ ಕಳಿಸಿಯಾಗಿತ್ತು. ಹಾಜರಿ ಸಾಲದು, ಮುಂದಿನ ವರ್ಷ ಮತ್ತೆ ಮೊದಲಿನಿಂದ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಹೇಳಿಬಿಡೋಣ ಅಂತಲೇ ಅಪ್ಪನ ಪಕ್ಕ ಕೂತಿದ್ದಳು. ಆದರೆ ಮಧ್ಯೆ ತಂಗಿ ನುಗ್ಗಿಕೊಂಡು, "ಅಕ್ಕ, ಒಪ್ಪಂದ. ನೀನು ಅಲ್ಲಿ ಚೆನ್ನಾಗಿದೆ ಅಂದ್ರೆ ಸೇರ್ತೀನಿ. ಬೇಡ ಅಂದ್ರೆ ಅಪ್ಪ ಹೊತ್ಕೊಂಡು ಹೋದ್ರೂ ಸೇರಲ್ಲ, ಕಚ್ತೀನಿ" ಎಂದಿದ್ದಳು. ಅಪ್ಪ ಜೋರಾಗಿ ನಕ್ಕು, "ಸರಿ, ನಂದೂ ಒಪ್ಪಿಗೆ. ಏಳು ವರ್ಷ ಇದ್ದವಳು ಅವಳು. ಅವಳು ಏನು ಹೇಳ್ತಾಳೋ ಅದೇ" ಅಂದುಬಿಟ್ಟರು. ಇಬ್ಬರೂ ಅವಳ ಮುಖ ನೋಡಿದರು. ಅವಳು ಕಿಟಕಿಯಾಚೆ ನೋಡುತ್ತ, "ಸಭೇಲಿ ಹೇಳ್ತೀನಲ್ಲ, ಕೇಳಿ" ಅಂದಳು. ತಪ್ಪಿಸಿಕೊಳ್ಳಲು ಹೇಳಿದ ಮಾತು ಹೋಗಿ ಹೋಗಿ ಇನ್ನೂರು ಕುರ್ಚಿಗಳ ಮುಂದೆ ಅವಳನ್ನು ತಂದು ನಿಲ್ಲಿಸುತ್ತಿತ್ತು.

"ಬಂದ್ಯಾ ಕಂದಾ!" ವಾರ್ಡನ್ ಅಮ್ಮ ಮೊಗಸಾಲೆಯ ಆ ತುದಿಯಿಂದಲೇ ಕೈ ಚಾಚಿಕೊಂಡು ಬಂದರು. ಅದೇ ಬೀಗದ ಕೈಗಳ ಸದ್ದು, ಅದೇ ಸೋಪಿನ ವಾಸನೆ. ತಬ್ಬಿಕೊಂಡರು ಅನ್ನುವಷ್ಟರಲ್ಲಿ ಅವಳ ಅಂಗೈಯನ್ನು ಸರಕ್ಕನೆ ಮಗುಚಿ ಉಗುರು ನೋಡಿದರು. "ಏನೇ ಇದು, ಉಗುರೋ ಗುದ್ದಲಿಯೋ? ಕಾಲೇಜಿನ ಗಾಳಿ ಚೆನ್ನಾಗೇ ಬಡಿದಿದೆ." ಅಪ್ಪ ನಕ್ಕರು, ತಂಗಿ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿದಳು. ಅವಳು ಮಾತ್ರ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಒಂದು ವರ್ಷದಿಂದ ಯಾರೂ ಅವಳ ಉಗುರು ನೋಡಿರಲಿಲ್ಲ. ಜ್ವರ ಬಂದರೆ ಹಣೆ ಮುಟ್ಟಿರಲಿಲ್ಲ, ಊಟ ಬಿಟ್ಟರೆ ಯಾಕೆ ಬಿಟ್ಟೆ ಅಂದಿರಲಿಲ್ಲ. ಇದೇ ಕೈ ಅವಳ ತಲೆಯ ಹೇನು ತೆಗೆದಿತ್ತು. ಹತ್ತು ವರ್ಷದವಳಾಗಿದ್ದಾಗ ಮೊದಲ ವಾರ ಮನೆಯ ನೆನಪಿಗೆ ಹಾಸಿಗೆ ಒದ್ದೆ ಮಾಡಿಕೊಂಡಾಗ ಯಾರಿಗೂ ಕಾಣದ ಹಾಗೆ ಚಾದರ ಬದಲಾಯಿಸಿತ್ತು. ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು ಅನ್ನಿಸಿತು. ವೇದಿಕೆ ಹತ್ತಿ ಬೈದು ಇಳಿಯಬಹುದಿತ್ತು. ಇಲ್ಲಿ ಅವಳು ಸುಖವಾಗಿದ್ದಳು, ಎಲ್ಲ ತೊಂದರೆಯೂ ಅದರಲ್ಲೇ ಇತ್ತು. ಏಳುವುದಕ್ಕೆ ಗಂಟೆ, ಹಲ್ಲುಜ್ಜುವುದಕ್ಕೆ ಗಂಟೆ, ಓದಿಗೆ, ಆಟಕ್ಕೆ, ಮಲಗುವುದಕ್ಕೆ ಗಂಟೆ. ಮುಂದೇನು ಎಂದು ಒಂದು ದಿನವೂ ತಲೆ ಕೆಡಿಸಿಕೊಂಡವಳಲ್ಲ. ತಲೆ ಕೆಡಿಸಿಕೊಳ್ಳದೇ ಇದ್ದುದರಿಂದ ತಲೆಯಲ್ಲಿ ಪಾಠಕ್ಕೆ ಬೇಕಾದಷ್ಟು ಜಾಗವಿತ್ತು. ಪ್ರತಿ ವರ್ಷ ಮೊದಲ ಸ್ಥಾನ.

ಪ್ರಿನ್ಸಿಪಾಲರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದು ಅಪ್ಪನ ಕೈ ಕುಲುಕಿದರು. "ಇಂಥ ಮಗಳನ್ನ ಕೊಟ್ರಿ, ಈಗ ಎರಡನೇದೂ ಕೊಡ್ತಿದೀರಿ, ನಾವೇ ಪುಣ್ಯವಂತರು" ಅಂದರು. ಆಮೇಲೆ ಅವಳ ಕಡೆ ತಿರುಗಿ ದನಿ ತಗ್ಗಿಸಿದರು. "ನೀನು ಏನೂ ಹೆದರ್ಕೋಬೇಡಮ್ಮ. ಮನಸ್ಸಿಗೆ ಏನು ಬರುತ್ತೋ ಅದನ್ನೇ ಮಾತಾಡು. ಶಿಸ್ತು, ಸಮಯಪಾಲನೆ, ಸ್ವಾವಲಂಬನೆ. ಈ ಮೂರು ಮನಸ್ಸಿಗೆ ಬರಲಿ, ಸಾಕು." ಅವಳು "ಸರಿ ಸರ್" ಅಂದಳು. ಎಷ್ಟು ಹಗುರಾಯಿತು! ಯಾರೋ ಹೇಳಿದರು, ಇವಳು ಸರಿ ಅಂದಳು. ವರ್ಷವಿಡೀ ಎಲ್ಲೋ ಹೂತುಹೋಗಿದ್ದ ಆ ಎರಡಕ್ಷರ ನಾಲಿಗೆಯ ಮೇಲೆ ಸಕ್ಕರೆಯ ಹಾಗೆ ಕರಗಿತು. ಮರುಕ್ಷಣವೇ ತನ್ನ ಬಗ್ಗೆ ಅಸಹ್ಯವಾಯಿತು.

ಸಭಾಂಗಣದ ವೇದಿಕೆಯ ಮೇಲೆ ಮೂರು ಕುರ್ಚಿ. ಮಧ್ಯದ್ದು ಪ್ರಿನ್ಸಿಪಾಲರದ್ದು, ಎಡಗಡೆಯದು ವಾರ್ಡನ್ ಅಮ್ಮನದ್ದು, ಬಲಗಡೆಯದು ಅವಳದ್ದು. ಹಿಂದೆ ಕೆಳಗಿನ ನೆಲದ ಮೇಲೆ ಸಾಲಾಗಿ ಕೂತು ಈ ವೇದಿಕೆಯನ್ನು ಕತ್ತೆತ್ತಿ ನೋಡಿದ್ದವಳಿಗೆ ಮೇಲಿನಿಂದ ನೋಡಿದರೆ ಸಭಾಂಗಣ ಇಷ್ಟು ಸಣ್ಣದೇ ಅನ್ನಿಸಿತು. ಮುಂದಿನ ಸಾಲಿನಲ್ಲಿ ಅಪ್ಪ, ಮೊಣಕಾಲ ಮೇಲೆ ಎರಡೂ ಕೈ. ಪಕ್ಕದಲ್ಲಿ ತಂಗಿ, ಕಾಲು ನೆಲಕ್ಕೆ ಮುಟ್ಟದೆ ಜೋತಾಡುತ್ತಿತ್ತು. ಪ್ರಿನ್ಸಿಪಾಲರು ಮಾತಾಡುತ್ತಿದ್ದರು. ಕಾಲೇಜಿಗೆ ಹೋದ ಮಕ್ಕಳು ಯಾಕೆ ದಾರಿ ತಪ್ಪುತ್ತಾರೆ, ಮನೆಯಲ್ಲಿ ಮುದ್ದಿನಿಂದ ಬೆಳೆದವರು ಹೇಗೆ ಒಂದು ಬಟ್ಟೆ ಒಗೆಯಲಾರರು, ನಮ್ಮ ಮಕ್ಕಳು ಹೇಗೆ. ಬಟ್ಟೆ ಒಗೆಯುವುದು ನಿಜ. ಕಾಲೇಜಿನ ಹಾಸ್ಟೆಲಿನಲ್ಲಿ ಅವಳಷ್ಟು ಬಿಳಿಯಾಗಿ ಸಾಕ್ಸು ಒಗೆಯುವವರು ಇನ್ನೊಬ್ಬರಿರಲಿಲ್ಲ. ಮೊದಲ ವಾರ ಅವಳು ಐದೂವರೆಗೇ ಏಳುತ್ತಿದ್ದಳು. ಹಾಸಿಗೆ ಮಡಿಸಿ, ಸ್ನಾನ ಮಾಡಿ, ಶೂ ಲೇಸು ಕಟ್ಟಿ ಮಂಚದ ಅಂಚಿಗೆ ಕೂರುತ್ತಿದ್ದಳು. ಮುಂದೆ ಯಾವ ಸದ್ದೂ ಬರುತ್ತಿರಲಿಲ್ಲ. ಎದುರಿನ ಮಂಚದಲ್ಲಿ ಕನ್ನಡಕದ ಹುಡುಗಿ ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದಳು. ಅವಳು ಮನೆಯಿಂದಲೇ ಶಾಲೆಗೆ ಹೋಗಿ ಬೆಳೆದವಳು. ಕ್ಲಾಸಿಗೆ ಹತ್ತು ನಿಮಿಷವಿರುವಾಗ ಎದ್ದು, ಒಂದು ಕೈಯಲ್ಲಿ ಬಾಚಣಿಗೆ, ಇನ್ನೊಂದರಲ್ಲಿ ಬ್ರೆಡ್ಡು ಹಿಡಿದು ಓಡುತ್ತಿದ್ದಳು. ಆದರೂ ಯಾವ ಮೇಷ್ಟ್ರು ಏನು ಕೇಳುತ್ತಾರೆ, ಯಾರನ್ನು ಹಿಡಿದರೆ ಯಾವ ಕೆಲಸ ಆಗುತ್ತದೆ, ಯಾವ ಕ್ಲಾಸಿಗೆ ಹೋಗದಿದ್ದರೂ ನಡೆಯುತ್ತದೆ, ಎಲ್ಲ ಅವಳಿಗೆ ಅದು ಹೇಗೋ ಗೊತ್ತಿತ್ತು. "ಸ್ನಾನಕ್ಕೆ ಹೋಗ್ಲಾ?" ಎಂದು ಇವಳು ಮೊದಲ ದಿನ ಕೇಳಿದಾಗ ಕನ್ನಡಕ ಹುಡುಕುತ್ತ ಎದ್ದು ಕೂತು, "ಹೋಗಮ್ಮ ತಾಯಿ. ನಾನೇನು ನಿಂಗೆ ಅತ್ತೆನಾ?" ಎಂದಿದ್ದಳು. ತಮಾಷೆಯೇ. ಇವಳೂ ನಕ್ಕಳು. ಆದರೆ ಮರುದಿನ ಮತ್ತೆ ಕೇಳಿದಳು, ಅದರ ಮರುದಿನವೂ. ಕೇಳದೆ ಹೋದರೆ ಏನೋ ಕದ್ದ ಹಾಗೆ ಅನ್ನಿಸುತ್ತಿತ್ತು. ಕಡೆಗೆ ಆ ಹುಡುಗಿ ನಗುವುದನ್ನು ಬಿಟ್ಟು, "ನೋಡೇ, ದಿನಾ ನನ್ನ ಎಬ್ಬಿಸಿ ಪರ್ಮಿಷನ್ ತಗೊಂಡ್ರೆ ನಂಗೆ ಹುಚ್ಚು ಹಿಡಿಯುತ್ತೆ" ಅಂದಳು. ಪಾಪ, ಸರಿಯಾಗೇ ಹೇಳಿದ್ದಳು.

ಮತ್ತೆ ಆ ದಿನ. ಸಮಾಜಶಾಸ್ತ್ರದ ಕ್ಲಾಸು, ಹೊಸದಾಗಿ ಸೇರಿದ ಸಣ್ಣ ವಯಸ್ಸಿನ ಮೇಷ್ಟ್ರು, ಮೇಜಿನ ಮೇಲೆ ಕಾಲು ಇಳಿಬಿಟ್ಟು ಕೂತು ಪಾಠ ಮಾಡುವವರು. ಅದೇ ಅವಳಿಗೆ ಸರಿಕಾಣುತ್ತಿರಲಿಲ್ಲ. ಅವರು ಏನೋ ವಿವರಿಸಿ, ತಟ್ಟನೆ ಬೆರಳು ತೋರಿಸಿ, "ನೀನು ಹೇಳಮ್ಮ. ನಿಂಗೇನನ್ಸುತ್ತೆ?" ಅಂದರು. ಅವಳು ಎದ್ದು ನಿಂತಳು. ಬೇರೆ ಯಾರೂ ಎದ್ದು ಉತ್ತರಿಸುತ್ತಿರಲಿಲ್ಲ, ಅವಳು ಎದ್ದಳು. ಪುಸ್ತಕದ ಪುಟಗಳು ಕಣ್ಣ ಮುಂದೆ ಸರಸರ ಮಗುಚಿಕೊಂಡವು, ಎಲ್ಲಿಯೂ ಆ ಪ್ರಶ್ನೆಗೆ ಉತ್ತರವಿರಲಿಲ್ಲ. "ಪುಸ್ತಕದಲ್ಲಿಲ್ಲಮ್ಮ, ನಿನ್ನ ತಲೇಲಿ ಏನಿದೆ ಹೇಳು" ಅಂದರು. ತಲೆಯಲ್ಲಿ ಏನಿದೆ? ಅವಳು ನಿಜವಾಗಿಯೂ ಹುಡುಕಿದಳು. ಸೀಮೆಸುಣ್ಣ ಒರೆಸಿದ ಕರಿಹಲಗೆಯ ಹಾಗೆ ಒಂದು ಬೂದಿ ಬಣ್ಣ ಮಾತ್ರ ಇತ್ತು. ಮೇಷ್ಟ್ರು ಒಂದು ಕ್ಷಣ ಕಾದು, ಹಿಂದಿನ ಬೆಂಚಿನ ಹುಡುಗನನ್ನು ಕೇಳಿದರು. ಅವನು ಕೂತಲ್ಲಿಂದಲೇ ಏನೋ ಬಾಯಿಗೆ ಬಂದದ್ದು ಹೇಳಿದ, ಅದು ತಪ್ಪೆಂದು ಇನ್ನೊಬ್ಬಳು ಜಗಳಕ್ಕೆ ಬಿದ್ದಳು, ಇಡೀ ಕ್ಲಾಸು ಗಲಾಟೆ, ಮೇಷ್ಟ್ರಿಗೆ ಖುಷಿಯೋ ಖುಷಿ. ಇವಳು ನಿಂತೇ ಇದ್ದಳು. ಉತ್ತರ ಬಾರದಿದ್ದರೆ ಕೂತ್ಕೋ ಅನ್ನುವವರೆಗೆ ನಿಲ್ಲಬೇಕು. ಅದು ಶಿಕ್ಷೆ ಅಂತಲೂ ಅವಳಿಗೆ ಅನ್ನಿಸಿರಲಿಲ್ಲ. ಬಿಸಿಲಿದ್ದರೆ ಕಣ್ಣು ಕಿರಿದಾಗುವ ಹಾಗೆ, ಅಷ್ಟೇ. ಪಕ್ಕದವಳು ಮೊದಲು ಸ್ವೆಟರ್ ಎಳೆದಳು, ಆಮೇಲೆ ತನಗೇನು ಅಂತ ಬಿಟ್ಟಳು. ಅವಳು ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿದಳು. ಪಾಠ ಮುಗಿದು, ಎಲ್ಲರೂ ಚೀಲ ಎತ್ತಿಕೊಂಡ ಮೇಲೆ ಮೇಷ್ಟ್ರು ಅವಳನ್ನು ನೋಡಿ ಗಾಬರಿಯಾದರು. "ಅಯ್ಯೋ, ಇದೇನಮ್ಮ, ಇಷ್ಟು ಹೊತ್ತೂ ನಿಂತಿದ್ಯಾ? ನನ್ನ ಮೇಲೇನಾದ್ರೂ ಕೋಪಾನಾ?" "ನೀವು ಕೂತ್ಕೋ ಅನ್ಲಿಲ್ಲ ಸರ್." ಬಾಗಿಲ ಬಳಿ ತಲುಪಿದ್ದ ಗುಂಪು ಒಮ್ಮೆಗೇ ಹೋ ಅಂದಿತು. ಮೇಷ್ಟ್ರು ನಗಲಿಲ್ಲ. ಅವರ ಮುಖದಲ್ಲಿ ಕಂಡದ್ದು ಕನಿಕರ, ರಸ್ತೆಯಲ್ಲಿ ಕಾಲು ಕಳೆದುಕೊಂಡ ನಾಯಿಯನ್ನು ನೋಡಿದಾಗ ಬರುವಂಥದ್ದು. ಮರುದಿನದಿಂದ ಅವಳ ಹೆಸರು ಕಂಬ. "ಏ ಕಂಬ ಬಂತು, ಕರೆಂಟು ಬಂತೇನ್ರೋ?" "ಸ್ವಲ್ಪ ಸರಿ ಕಂಬ, ಬೋರ್ಡು ಕಾಣಲ್ಲ."

ಅವಳು ಒಂದು ದಿನ ಕ್ಲಾಸಿಗೆ ಹೋಗಲಿಲ್ಲ. ಮಂಚದ ಮೇಲೆ ಶೂ ಕಟ್ಟಿಕೊಂಡು ಕೂತು ಕಾದಳು. ಈಗ ಯಾರಾದರೂ ಬರುತ್ತಾರೆ, ಬಾಗಿಲು ತಟ್ಟಿ, ಏನಾಯಿತು ನಿಂಗೆ, ಏಳು, ಅನ್ನುತ್ತಾರೆ. ಶಾಲೆಯಲ್ಲಿ ಹಾಜರಿ ಕೂಗುವಾಗ ಒಬ್ಬಳು ಕಾಣದಿದ್ದರೆ ಮೂರು ಜನ ಮೂರು ದಿಕ್ಕಿಗೆ ಓಡುತ್ತಿದ್ದರು. ಸಂಜೆಯಾಯಿತು. ಯಾರೂ ಬರಲಿಲ್ಲ. ಕನ್ನಡಕದ ಹುಡುಗಿ ಬಂದವಳು, "ಹೋಗ್ಲಿಲ್ವಾ? ಒಳ್ಳೇದಾಯ್ತು, ಬರೀ ಬೋರು" ಎಂದು ಮಲಗಿದಳು. ಅವಳಿಗೆ ಭಯವಾಯಿತು. ನಾಳೆ ಖಂಡಿತ ಬರುತ್ತಾರೆ ಅನ್ನಿಸಿತು. ನಾಳೆ, ನಾಡಿದ್ದು. ಯಾರಾದರೂ ಬಂದು ಬೈಯಲಿ ಎಂದು ಕಾಯುತ್ತ ಕಾಯುತ್ತ ಅವಳ ವರ್ಷ ಕಳೆದುಹೋಯಿತು. ಇದನ್ನು ಯಾರಿಗೆ ಹೇಗೆ ಹೇಳುವುದು? ಕುಡಿದಳು ಅನ್ನಬಹುದು, ಯಾರನ್ನೋ ಪ್ರೀತಿಸಿ ಕೆಟ್ಟಳು ಅನ್ನಬಹುದು, ಜನಕ್ಕೆ ಅರ್ಥವಾಗುತ್ತದೆ. ಬೈಸಿಕೊಳ್ಳಲು ಕಾಯುತ್ತ ಕೂತಿದ್ದಳು ಅಂದರೆ? ಆಫೀಸಿನ ಗುಮಾಸ್ತರು ಕಿಟಕಿಯ ಒಳಗಿನಿಂದ, "ಪರೀಕ್ಷೆಗೆ ಬಿಡಲ್ಲಮ್ಮ ಈಗ. ಮೊದಲೇ ಬಂದು ವಿಚಾರಿಸೋದಲ್ವಾ?" ಅಂದಾಗ, "ಯಾರೂ ಕರೀಲಿಲ್ಲ ಸರ್" ಅಂದಿದ್ದಳು. ಅವರು ಪೆನ್ನು ಕೆಳಗಿಟ್ಟು ಅವಳನ್ನು ಪೂರ್ತಿಯಾಗಿ ನೋಡಿದ್ದರು. "ಇಲ್ಲಿ ಯಾರೂ ಯಾರನ್ನೂ ಕರೆಯಲ್ಲಮ್ಮ." ಅವಳು "ಥ್ಯಾಂಕ್ಯೂ ಸರ್" ಅಂದು ಬಂದಿದ್ದಳು. ಥ್ಯಾಂಕ್ಯೂ! ಆ ಪದ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತಿತ್ತು.

ಚಪ್ಪಾಳೆ ಕೇಳಿಸಿತು. ವಾರ್ಡನ್ ಅಮ್ಮ ಮೊಣಕೈಯಿಂದ ತಿವಿದರು. "ಏಳೇ, ನಿನ್ನನ್ನೇ ಕರೀತಿರೋದು."

ಮೈಕಿನ ಮುಂದೆ ನಿಂತಳು. ಶಿಸ್ತು ಎಂದಳು, ಸಮಯಪಾಲನೆ ಎಂದಳು. ದನಿ ಸ್ಪಷ್ಟವಾಗಿತ್ತು, ಚರ್ಚಾಸ್ಪರ್ಧೆಯ ದನಿ, ಅದಕ್ಕೂ ಇವಳಿಗೂ ಸಂಬಂಧವೇ ಇಲ್ಲದ ಹಾಗೆ ಅದು ತಾನೇ ಹೊರಟುಹೋಗಿತ್ತು. ಸ್ವಾವಲಂಬನೆ ಬರುವಷ್ಟರಲ್ಲಿ ಮೂರನೆಯ ಸಾಲಿನಿಂದ ಒಬ್ಬ ತಾಯಿ ಕೈಯೆತ್ತಿದರು. ಮಡಿಲಲ್ಲಿ ಮಗಳನ್ನು ಕೂರಿಸಿಕೊಂಡಿದ್ದರು, ಮಗು ಮಡಿಲಿಗೆ ದೊಡ್ಡದಾಗಿತ್ತು. "ಅಲ್ಲಮ್ಮ, ಒಂದು ಮಾತು. ಇಲ್ಲಿ ಎಲ್ಲಾನೂ ಇವ್ರೇ ನೋಡ್ಕೋತಾರೆ. ಕಾಲೇಜಿಗೆ ಹೋದ್ಮೇಲೆ ನಿಂಗೆ ಕಷ್ಟ ಆಗ್ಲಿಲ್ವಾ? ನಿಜ ಹೇಳಮ್ಮ, ನಾವು ತಾಯಂದ್ರು, ಭಯ ಇರುತ್ತೆ." ಪ್ರಿನ್ಸಿಪಾಲರು ಮುಗುಳುನಗುತ್ತ ಅವಳ ಕಡೆ ನೋಡಿದರು. ತಂಗಿಯ ಕಾಲು ಆಡುವುದು ನಿಂತಿತ್ತು. ಇದೇ ಸಮಯ. "ಆಯ್ತು" ಅಂದಳು. ಈ ಸಲ ಚರ್ಚಾಸ್ಪರ್ಧೆಯ ದನಿಯಲ್ಲ, ಅವಳದ್ದೇ ಸಣ್ಣ ಒಡಕು ದನಿ. "ಕಷ್ಟ ಆಯ್ತು. ಒಂದಿನ ಕ್ಲಾಸಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದ್ರು, ನಂಗೆ ಉತ್ತರ ಬರ್ಲಿಲ್ಲ. ನಾನು ಎದ್ದು ನಿಂತೆ. ಅವ್ರು ಕೂತ್ಕೋ ಅನ್ನೋದು ಮರೆತ್ರು. ನಾನು ಕ್ಲಾಸು ಮುಗಿಯೋವರೆಗೂ ನಿಂತೇ ಇದ್ದೆ."

ಉಸಿರು ತೆಗೆದುಕೊಂಡಳು. ಆಮೇಲಿನದನ್ನು ಹೇಳಬೇಕು, ಮುಖ್ಯವಾದದ್ದು ಆಮೇಲಿನದು. ಆದರೆ ಅಷ್ಟರಲ್ಲಿ ಯಾರೋ ನಕ್ಕರು. ಕಾಲೇಜಿನಲ್ಲಿ ಕೇಳಿದ ಆ ಹೋ ಅನ್ನುವ ನಗು ಅಲ್ಲ ಇದು. ಮೆಚ್ಚುಗೆಯ, ಮಮತೆಯ ನಗು. "ಅಬ್ಬಾ, ಎಂಥ ಶಿಸ್ತು ನೋಡಿ!" ಎಂದಿತು ಒಂದು ಗಂಡು ದನಿ. "ನಮ್ಮನೇದು ಎರಡು ನಿಮಿಷ ನಿಂತ್ರೆ ಹೆಚ್ಚು" ಎಂದಿತು ಇನ್ನೊಂದು. ಪ್ರಿನ್ಸಿಪಾಲರು ಎದ್ದು ನಿಂತೇಬಿಟ್ಟರು. "ನೋಡಿದ್ರಾ? ಹೇಳೋವರೆಗೂ ಕೂರಲಿಲ್ಲ! ನೋಡೋರಿಲ್ಲ, ಕೇಳೋರಿಲ್ಲ, ಆದ್ರೂ ಕೂರಲಿಲ್ಲ! ಇದು ಪಾಠ ಮಾಡಿ ಬರೋದಲ್ಲ, ಇದು ಸಂಸ್ಕಾರ!" ಸಭೆ ಚಪ್ಪಾಳೆಯಿಂದ ತುಂಬಿಹೋಯಿತು. ಅಪ್ಪ ಚಪ್ಪಾಳೆ ತಟ್ಟದೆ ಮುಖ ಉಜ್ಜಿಕೊಳ್ಳುತ್ತಿದ್ದರು, ಕಣ್ಣೊರೆಸಿಕೊಳ್ಳುವುದು ಕಾಣಬಾರದೆಂದು. ಕೇಳಿದ ತಾಯಿಯೂ ನಗುತ್ತಿದ್ದರು, ಭಯ ಇಳಿದಿತ್ತು. ಹಾಗಲ್ಲ, ಅದು ಹಾಗಲ್ಲ, ಎಂದು ಮೈಕಿಗೆ ಹೇಳಬಹುದಿತ್ತು. ಮೈಕು ಎರಡು ಬೆರಳು ದೂರದಲ್ಲಿತ್ತು. ಆದರೆ ವರ್ಷದಿಂದ ಒಂದು ಒಳ್ಳೆಯ ಮಾತು ಬೀಳದ ಮೈಮೇಲೆ ಆ ಚಪ್ಪಾಳೆ ಬಿಸಿನೀರಿನ ಹಾಗೆ ಸುರಿಯುತ್ತಿತ್ತು, ಅವಳಿಗೆ ಅದರ ಕೆಳಗಿನಿಂದ ಸರಿಯಲು ಮನಸ್ಸಾಗಲಿಲ್ಲ. ಇನ್ನೊಂದು ಕ್ಷಣ, ಇನ್ನೊಂದೇ ಕ್ಷಣ. ಅವಳು ನಕ್ಕಳು. ನಿಜಕ್ಕೂ ನಕ್ಕಳು. ಪ್ರಿನ್ಸಿಪಾಲರು ಬೆನ್ನು ತಟ್ಟಿ, "ಈಗ ಕೂತ್ಕೋ ಅಂತ ನಾನು ಹೇಳ್ತಿದೀನಮ್ಮ, ಕೂತ್ಕೋ" ಎಂದಾಗ ಸಭೆ ಮತ್ತೊಮ್ಮೆ ನಕ್ಕಿತು. ಅವಳು ಕೂತಳು.

ಸಭೆ ಮುಗಿದು ಅಪ್ಪ ಶಾಲೆಯ ಆಫೀಸಿನ ಎದುರು ಸರದಿಯಲ್ಲಿ ನಿಂತಾಗ ಮುಂದಿದ್ದವರು, "ನೀವು ಆ ಹುಡುಗಿ ತಂದೆಯಲ್ವಾ?" ಎಂದು ಜಾಗ ಬಿಟ್ಟುಕೊಟ್ಟರು. ವಾರ್ಡನ್ ಅಮ್ಮ ಬೀಗದ ಕೈ ಗೊಂಚಲಿನಿಂದ ಒಂದನ್ನು ಬಿಡಿಸಿ ಅವಳಿಗೆ ಕೊಟ್ಟು, "ನೀನೇ ತೋರ್ಸೇ ತಂಗಿಗೆ ಮಲಗೋ ಕೋಣೆ, ನಂಗೆ ಈಗ ನೂರೆಂಟು ಕೆಲಸ" ಅಂದರು. ಸಣ್ಣವರ ಕೋಣೆ ಮೇಲಿನ ಮಹಡಿಯಲ್ಲಿ. ಎರಡು ಸಾಲು ಮಂಚ, ಎಲ್ಲದರ ಮೇಲೂ ಒಂದೇ ಅಳತೆಗೆ ಮಡಿಸಿದ ಕಂಬಳಿ, ಕಂಬಳಿಯ ಅಂಚು ಬಾಗಿಲ ಕಡೆಗೆ. ತಂಗಿ ಸುತ್ತ ನೋಡಿದಳು. ಓಡಲಿಲ್ಲ, ಇಣುಕಲಿಲ್ಲ. ಒಂದು ಮಂಚದ ಮೇಲೆ ಕೂತು ಕೆಳಗಿನಿಂದ ಅಕ್ಕನ ಮುಖ ನೋಡಿದಳು.

"ಅಕ್ಕ, ಅಷ್ಟು ಹೊತ್ತು ನಿಂತ್ಯಲ್ಲ. ಕಾಲು ನೋವಾಗ್ಲಿಲ್ವಾ?"

ಇನ್ನೂರು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಅಪ್ಪನೂ ಕೇಳಿರಲಿಲ್ಲ, ಬೆಳಗಿನಿಂದ ಸಂಜೆಯವರೆಗೆ ಊರವರ ಕಾಲು ಹಿಡಿದು, ಎಲ್ಲಿ ಒತ್ತುತ್ತೆ ಸರ್, ಎಲ್ಲಿ ನೋವು ಮೇಡಂ, ಎಂದು ಕೇಳುವವರು. ಅವಳು ಎದುರಿನ ಮಂಚದ ಮೇಲೆ ಕುಸಿದಳು. ಮಡಿಸಿದ ಕಂಬಳಿ ಸುಕ್ಕಾಯಿತು.

"ಆಯ್ತು ಕಣೇ. ತುಂಬಾ ನೋವಾಯ್ತು."

"ಮತ್ತೆ ಅವ್ರೆಲ್ಲಾ ಯಾಕೆ ನಗ್ತಿದ್ರು?"

"ಗೊತ್ತಿಲ್ಲ."

"ನೀನೂ ನಕ್ಕೆ."

"ಹೂಂ. ನಾನೂ ನಕ್ಕೆ."

ತಂಗಿ ಅಕ್ಕನ ಮುಖದಿಂದ ಕಣ್ಣು ತೆಗೆಯಲಿಲ್ಲ. ಆ ನೋಟವನ್ನು ತಡೆಯಲಾರದೆ ಅವಳು ಹೇಳಿಬಿಟ್ಟಳು. ಎಲ್ಲವನ್ನೂ, ಹಿಂದುಮುಂದಾಗಿ, ಹತ್ತು ವರ್ಷದ ಮಗುವಿಗೆ ಏನು ಅರ್ಥವಾಗುತ್ತದೆ ಏನಿಲ್ಲ ಎಂದು ನೋಡದೆ. ಕಂಬ ಎಂದು ಕರೆದದ್ದು, ಮಂಚದ ಮೇಲೆ ಕಾದದ್ದು, ಪರೀಕ್ಷೆಗೆ ಬಿಡದೇ ಇದ್ದದ್ದು, ಮುಂದಿನ ವರ್ಷ ತನಗಿಂತ ಚಿಕ್ಕವರ ಜೊತೆ ಮತ್ತೆ ಮೊದಲ ಬೆಂಚಿನಲ್ಲಿ ಕೂರಬೇಕಾದದ್ದು. "ಒಪ್ಪಂದ ಮಾಡ್ಕೊಂಡ್ವಲ್ಲ. ನಾನು ಹೇಳ್ತಿದೀನಿ ಈಗ. ಬೇಡ. ನೀನು ಇಲ್ಲಿ ಸೇರ್ಬೇಡ. ಇಲ್ಲಿ ಚೆನ್ನಾಗೇ ಇರುತ್ತೆ, ಆದ್ರೆ ಬೇಡ." ಹೇಳಿ ಮುಗಿಸಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಹಸಿವು ಕೂಡ ಆಯಿತು. ತಂಗಿಯ ಮುಖ ಆಗ ನೋಡಿದಳು. ಅವಳು ಹುಬ್ಬು ಗಂಟಿಕ್ಕಿಕೊಂಡು, ಲೆಕ್ಕ ಬಿಡಿಸುವಾಗ ಮಾಡುವ ಹಾಗೆ ಕೆಳತುಟಿಯನ್ನು ಒಳಗೆಳೆದುಕೊಂಡಿದ್ದಳು.

"ಅಪ್ಪಂಗೆ ಗೊತ್ತಾ?"

"ಇಲ್ಲ."

"ಗೊತ್ತಾದ್ರೆ ಅಳ್ತಾರಾ?"

ಮುಂದಿನ ಸಾಲಿನಲ್ಲಿ ಮುಖ ಉಜ್ಜಿಕೊಳ್ಳುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದರು.

"ನಾನು ಬೇಡ ಅಂದ್ರೆ ಯಾಕೆ ಅಂತ ಕೇಳ್ತಾರೆ" ಎಂದಳು ತಂಗಿ ನಿಧಾನಕ್ಕೆ. "ಅಕ್ಕ ಬೇಡ ಅಂದ್ಲು ಅಂದ್ರೆ, ಅವಳು ಯಾಕೆ ಬೇಡ ಅಂದ್ಲು ಅಂತ ಕೇಳ್ತಾರೆ. ಆಮೇಲೆ ನಿಂದೆಲ್ಲಾ ಹೊರಗೆ ಬರುತ್ತೆ."

"ಬರ್ಲಿ. ನಾನೇ ಹೇಳ್ತೀನಿ."

"ಯಾವಾಗ?"

ಮೆಟ್ಟಿಲ ಮೇಲೆ ಅಪ್ಪನ ಹೆಜ್ಜೆ ಕೇಳಿಸಿತು. ಬೇರೆಯವರಿಗೆ ದಿನವಿಡೀ ಹೊಸ ಶೂ ತೊಡಿಸುವ ಅಪ್ಪನ ಶೂ ಒಂದು ಬದಿಗೆ ಸವೆದಿತ್ತು, ಹೆಜ್ಜೆಯ ಸದ್ದು ಒಂದು ದಪ್ಪ ಒಂದು ತೆಳು. ಬಾಗಿಲಲ್ಲಿ ಬಂದು ನಿಂತವರು ಏದುಸಿರಿನ ಮಧ್ಯೆ ನಗುತ್ತಿದ್ದರು. "ಎಲ್ಲಾ ಕೇಳ್ಕೊಂಡು ಬಂದೆ. ಸೀಟಿದೆ. ನಿಮ್ಮಿಬ್ಬರ ಪಂಚಾಯ್ತಿ ಏನಾಯ್ತು? ಹೇಳಮ್ಮ ದೊಡ್ಡೋಳೇ, ಹೂಂ ಅಂದ್ರೆ ಈಗ್ಲೇ ಹೋಗಿ ಹೆಸರು ಬರೆಸ್ತೀನಿ." ಅವಳು ಬಾಯಿ ತೆರೆದಳು. ಅಪ್ಪ ಎಂದಳೂ ಕೂಡ. ಆದರೆ ಚಿನಕುರುಳಿ ಮಂಚದಿಂದ ದಡಕ್ಕನೆ ಧುಮುಕಿದ್ದಳು. "ಅಪ್ಪಾ, ನಂಗೆ ಆ ಕಿಟಕಿ ಪಕ್ಕದ ಮಂಚ ಬೇಕು! ಈಗ್ಲೇ ಹೇಳ್ಬಿಡು ಅವ್ರಿಗೆ, ಬೇರೆ ಯಾರಿಗೂ ಕೊಡ್ಬಾರ್ದು. ಮತ್ತೆ ಅಮ್ಮಂಗೆ ಹೇಳು, ವಾರಕ್ಕೆ ಎರಡು ಸಲ ಫೋನ್ ಮಾಡ್ಬೇಕು. ಅಕ್ಕ ಎಲ್ಲಾ ಹೇಳಿದ್ಲು, ತುಂಬಾ ಚೆನ್ನಾಗಿದೆಯಂತೆ." ಒಂದೇ ಉಸಿರಿಗೆ, ಎಂದಿನ ಹಾಗೆ ತುಂಡಿಲ್ಲದೆ. ಅಕ್ಕನ ಕಡೆ ನೋಡಲಿಲ್ಲ. ಅಪ್ಪ ನೋಡಿದರು, ಹುಬ್ಬೇರಿಸಿ, ಹೌದಾ ಎಂಬಂತೆ. ಈ ಶಾಲೆ ಅವಳಿಗೆ ಕಲಿಸಿದ ಎಷ್ಟೋ ವಿಷಯಗಳಲ್ಲಿ, ಎದುರಿನವರ ಮುಖ ನೋಡಿ ಅವರಿಗೆ ಬೇಕಾದ ಉತ್ತರ ಕೊಡುವುದು ಒಂದಾಗಿತ್ತು. ಅವಳ ತಲೆ ಮೇಲೆ ಕೆಳಗೆ ಆಡಿತು. ಅಪ್ಪ ಕಿರಿಯವಳ ಕೆನ್ನೆ ಚಿವುಟಿ ಮೆಟ್ಟಿಲಿಳಿದು ಹೋದರು. ಆ ಸದ್ದು, ದಪ್ಪ, ತೆಳು, ದಪ್ಪ, ತೆಳು, ಕೆಳಗಿನ ಮೊಗಸಾಲೆಗೆ ತಲುಪಿ ನಿಲ್ಲುವವರೆಗೂ ಅವಳು ಕೂಗಿ ಕರೆಯಬಹುದಿತ್ತು. ತಂಗಿ ಆಗ ಎದುರಿನ ಮಂಚದ ಹತ್ತಿರ ಬಂದು, ಅಕ್ಕ ಕೂತು ಸುಕ್ಕಾಗಿಸಿದ ಕಂಬಳಿಯನ್ನು ಎಳೆದೆಳೆದು ಸರಿಮಾಡತೊಡಗಿದಳು. ಬರುತ್ತಿರಲಿಲ್ಲ ಅವಳಿಗೆ. ಅಂಚು ಸೊಟ್ಟಗಾಗುತ್ತಿತ್ತು.

ಮಧ್ಯಾಹ್ನದ ಬಸ್ಸು ಖಾಲಿಯಿತ್ತು. ಅಪ್ಪ ಮುಂದಿನ ಸೀಟಿನಲ್ಲಿ ಅಡ್ಡಲಾಗಿ ಕೂತು, ತೋಳನ್ನು ಸೀಟಿನ ಬೆನ್ನಿಗೆ ಹಾಕಿ, ಹಿಂದಿನ ಸೀಟಿನ ಇವರಿಬ್ಬರನ್ನು ನೋಡುತ್ತ ಮಾತಾಡುತ್ತಲೇ ಇದ್ದರು. ಆ ಮಡಿಲ ಮಗುವಿನ ತಾಯಿ ಏನಂದರು, ಪ್ರಿನ್ಸಿಪಾಲರು ಮತ್ತೆ ಕೈ ಕುಲುಕಿ ಏನಂದರು, ಅಮ್ಮನಿಗೆ ಹೇಗೆ ಹೇಳಬೇಕು. "ನಿಮ್ಮಮ್ಮ ಮೊದಲು ರಂಪ ಮಾಡ್ತಾಳೆ, ಯಾರ ಜೊತೆ ಜಗಳ ಆಡ್ಲಿ ಅಂತಾಳೆ. ಆಮೇಲೆ ಸರಿ ಹೋಗ್ತಾಳೆ. ನೀನು ಹೋದಾಗ್ಲೂ ಹಾಗೇ ಮಾಡಿದ್ಲು." ತಂಗಿ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಕಣ್ಣು ಮುಚ್ಚಿದ್ದಳು. "ನೋಡು, ಕುಣಿದು ಕುಣಿದು ಸುಸ್ತಾಗಿ ಹೇಗೆ ಮಲಗಿದಾಳೆ. ಇವಳನ್ನ ಒಪ್ಪಿಸೋದು ಹೇಗೆ ಅಂತ ವಾರದಿಂದ ನಂಗೆ ನಿದ್ದೆಯಿಲ್ಲ ಗೊತ್ತಾ? ನೀನ್ ಒಬ್ಳೇ ಒಪ್ಪಿಸ್ಬಿಟ್ಟೆ." ಅವಳು ಕೆಳಗೆ ನೋಡಿದಳು. ಮುಚ್ಚಿದ ರೆಪ್ಪೆಗಳು ಅದುರುತ್ತಿದ್ದವು. ನಿದ್ದೆ ಬಂದವರ ರೆಪ್ಪೆ ಹಾಗೆ ಅದುರುವುದಿಲ್ಲ, ಬಿಗಿಹಿಡಿದವರದ್ದು ಮಾತ್ರ. ಕೆನ್ನೆಯಿಂದ ಒಂದು ಒದ್ದೆ ಅವಳ ಸ್ಕರ್ಟಿಗೆ ಇಳಿಯುತ್ತಿತ್ತು, ಬೆಚ್ಚಗೆ, ಒಂದು ನಾಣ್ಯದಷ್ಟು ಅಗಲಕ್ಕೆ. ಹತ್ತು ವರ್ಷಕ್ಕೇ ಇವಳಿಗೆ ಇದು ಬಂದುಬಿಟ್ಟಿತಲ್ಲ ಅನ್ನಿಸಿತು. ನನಗೆ ಸದ್ದಿಲ್ಲದೆ ಅಳುವುದನ್ನು ಕಲಿಯಲು ಒಂದು ಇಡೀ ವರ್ಷ ಬೇಕಾಗಿತ್ತು. ಆ ಮಂಚ, ಆ ಕಂಬಳಿ, ಆ ಗಂಟೆ ಯಾವುದೂ ಇವಳನ್ನು ಇನ್ನೂ ಮುಟ್ಟಿಲ್ಲ, ಮುಟ್ಟುವ ಮೊದಲೇ ನಾನು ಕಲಿಸಿಬಿಟ್ಟೆ.

"ಅಪ್ಪ" ಅಂದಳು ಅವಳು.

"ಹೇಳಮ್ಮ."

"ನಿಮಗೆ ಒಂದು ವಿಷಯ ಹೇಳ್ಬೇಕು."

ತೊಡೆಯ ಬದಿಯಿಂದ ಒಂದು ಪುಟ್ಟ ಕೈ ಬಂದು ಅವಳ ಹೆಬ್ಬೆರಳನ್ನು ಹಿಡಿಯಿತು. ಕಣ್ಣು ಮುಚ್ಚಿದಂತೆಯೇ ಇತ್ತು, ಮುಖ ಕದಲಲಿಲ್ಲ. ಬೆರಳುಗಳು ಮಾತ್ರ ಒತ್ತಿದವು, ಉಗುರು ಚುಚ್ಚುವಷ್ಟು, ಬೇಡ ಎಂದು. ಅಪ್ಪ ಮುಂದಕ್ಕೆ ಬಾಗಿ ಕಾಯುತ್ತಿದ್ದರು, ಮುಖದ ತುಂಬ ಇನ್ನೂ ಆ ಸಭೆಯ ಬೆಳಕಿತ್ತು. ಬಸ್ಸು ಒಂದು ತಿರುವು ತಿರುಗಿತು. ಬಿಸಿಲು ಈ ಬದಿಯ ಸೀಟಿನಿಂದ ಆ ಬದಿಗೆ ಜಾರಿತು. ಕೈ ಬಿಡಿಸಿಕೊಳ್ಳುವುದು ಎಷ್ಟರ ಮಾತು, ಹತ್ತು ವರ್ಷದ ಹುಡುಗಿಯ ಬೆರಳು.

"ಏನಮ್ಮ ಅದು?"

"ಏನಿಲ್ಲಪ್ಪ. ಇವಳಿಗೆ ಗಾಳಿ ಹೊಡೀತಿದೆ. ಕಿಟಕಿ ಹಾಕ್ಲಾ?"

"ಹಾಕು" ಅಂದರು ಅಪ್ಪ.

ಅವಳು ಹಾಕಿದಳು.